ಸ್ವಹಸ್ತದಿಂದ

"ಕೆಳಗೆ ಸಹಿ ಮಾಡಿರುವ ನಾನು ಸ್ವಹಸ್ತದಿಂದ
ಬರೆದುಕೊಳ್ಳುವ ಬಿನ್ನಹ ಏನೆಂದರೆ"
ಎಂದು ನನ್ನ ಕೈಯಲ್ಲಿ ಬರೆಸುತ್ತಾನೆ ಪೆಟಿಫರ್ ದೊರೆ.
ಅವನ ಕೈ ನಡುಗುತ್ತದೆ.
ಮಸಿಗೆ ಅದ್ದಿದ ಲೇಖನಿ ಕಾಗದ ಮುಟ್ಟುವ ಮೊದಲೇ
ಬಿಳಿ ಅಂಗಿಯ ತೋಳಿನ ಮೇಲೆ
ಗ್ಯಾಂಬಿಯಾ ನದಿ ಹರಿದುಬಿಡುತ್ತದೆ, ಉಪನದಿಗಳ ಸಮೇತ.

ಬ್ಯಾಥರ್ಸ್ಟ್. ಸುಂಕದ ಕಚೇರಿಯ ಮಾಳಿಗೆ.
ಹರ್ಮಟಾನ್ ಗಾಳಿ ಮರುಭೂಮಿಯನ್ನು ಪುಡಿಗಟ್ಟಿ ತಂದು
ಕಡತಗಳ ಮೇಲೆ ಜರಡಿ ಹಿಡಿದಿದೆ.
ಕೆಳಗೆ ಹಡಗಿಗೇರುವ ಕಡಲೆಕಾಯಿ ಮೂಟೆಗಳ ಎಣಿಕೆ
ವೊಲೊಫ್ ಮಾತಿನಲ್ಲಿ: ಬೆನ್, ನ್ಯಾರ್, ನ್ಯೆಟ್.
ಮೇಲೆ ಇಂಗ್ಲಿಷಿನಲ್ಲಿ:
ಇಪ್ಪತ್ತೆರಡು ವರ್ಷ, ನಾಲ್ಕು ತಿಂಗಳು.

"ಪಿತ್ತಕೋಶ ಎಂದು ಬರೆ, ಡೆಕರ್.
ವೈದ್ಯರ ಪತ್ರ ಲಗತ್ತಿಸಿದೆ ಎಂದು ಬರೆ.
ಕಪ್ಪು ಮೂತ್ರದ ಜ್ವರ, ಎರಡು ಸಲ...
ಬೇಡ, ಮೂತ್ರ ಬೇಡ. ಬರೀ ಜ್ವರ ಸಾಕು.
ಮಂತ್ರಿಗಳು ಊಟದ ಹೊತ್ತಿಗೆ ಓದಿಯಾರು."

ಪದಕ ಎಂಬ ಮಾತು ಎಲ್ಲೂ ಬರಬಾರದಂತೆ.
ಆದರೂ ಓದಿದವರಿಗೆ ಪದಕವೇ ಕಾಣಬೇಕಂತೆ.
ಹೆಸರಿನ ಬಾಲಕ್ಕೆ ಮೂರೇ ಮೂರು ಅಕ್ಷರ,
ಊರಿನ ಇಗರ್ಜಿಯಲ್ಲಿ ಕಲ್ಲು ಕೆತ್ತುವವನಿಗೆ
ಅಷ್ಟೇನು ಹೆಚ್ಚಿನ ಕೆಲಸವಲ್ಲ.

"ಮೇಲ್ನದಿಯ ಗಲಭೆಯಲ್ಲಿ ನಾನೊಬ್ಬನೇ ಹೋಗಿ..."
ಒಬ್ಬನೇ ಎಂದರೆ
ಹನ್ನೆರಡು ಹುಟ್ಟು, ಹನ್ನೆರಡು ಬೆನ್ನು,
ಚುಕ್ಕಾಣಿಗೆ ಕೆಬ್ಬಾ ಸನ್ಯಾಂಗ್,
ಕೋಳಿಯ ಪಂಜರದೊಂದಿಗೆ ಅಡುಗೆಯವನು,
ಮಸಿಕುಡಿಕೆಯನ್ನು ತೊಡೆಸಂದಿಯಲ್ಲಿ ಅವುಚಿ ಕೂತ ನಾನು.
ಕೆಬ್ಬಾ ಆ ಮಳೆಗಾಲವೇ ತೀರಿಕೊಂಡ. ಅದೇ ಜ್ವರ.
ಪತ್ರ ಬರೆದುಕೊಡಲು ಅವನಿಗೆ ವೈದ್ಯರಿರಲಿಲ್ಲ.

"ಯಾಕೆ ನಿಲ್ಲಿಸಿದೆ, ಮಸಿ ಆರಿತೇ?"
ಆರಿತು ಎಂದೆ.
ಅದ್ದಿ, ಬರೆದೆ: ಒಬ್ಬನೇ.

ಇದನ್ನೂ ಹೇಳಬೇಕು.
ಹಾಫ್ ಡೈ ಕೇರಿಗೆ ಹಳದಿ ಜ್ವರ ಹೊಕ್ಕ ವರ್ಷ
ಸುಣ್ಣದ ಗಾಡಿಯ ಹಿಂದೆ ಈ ಮನುಷ್ಯನೇ ನಡೆದಿದ್ದ.
ಹೊರುವವರು ಸಾಲದೆ
ನನ್ನ ತಾಯಿಯ ಪೆಟ್ಟಿಗೆಯ ಒಂದು ಮೂಲೆಗೆ ಹೆಗಲು ಕೊಟ್ಟಿದ್ದ,
ಎತ್ತರದವನಾದ್ದರಿಂದ ಪೆಟ್ಟಿಗೆ ವಾಲುತ್ತಿತ್ತು,
ಮಂಡಿ ಬಗ್ಗಿಸಿ ಬಗ್ಗಿಸಿ ನಡೆದಿದ್ದ.
ಅದನ್ನು ಬರೆಯೋಣವೇ ಎಂದು ಕೇಳಿದೆ.
ಕಿಟಕಿಯಾಚೆ ನೋಡಿದ.
"ಬೇಡ. ಅದು ಕೆಲಸದ ಬಾಬ್ತಿಗೆ ಸೇರದು."

ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ,
ನನ್ನ ಉತ್ತರ ಬೇಕಾದ ಒಂದು ಪ್ರಶ್ನೆ:
"ಕೊಡುತ್ತಾರೆಯೇ, ಡೆಕರ್?"
ಕಣ್ಣಿನ ಬಿಳಿಯೆಲ್ಲ ಅರಿಸಿನ.
ಕೊಟ್ಟೇ ಕೊಡುತ್ತಾರೆ ದೊರೆ, ಎಂದೆ,
ಹುಷಾರಿಲ್ಲದ ಮಗುವಿಗೆ ಹೇಳುವ ಹಾಗೆ.

ಜೋಲಿಯಲ್ಲಿ ಹೊತ್ತೊಯ್ದು ಹಡಗು ಹತ್ತಿಸಿದರು.
ಎರಡು ತಗಡಿನ ಪೆಟ್ಟಿಗೆ, ಒಂದು ಕೊಡೆ.
ಮರಳಿ ಬಂದು ನೋಡಿದರೆ ಕುರ್ಚಿಯ ಬೆತ್ತದಲ್ಲಿ
ಅವನು ಕೂತ ಗುಳಿ ಇನ್ನೂ ಇತ್ತು.
ಹೊಸ ದೊರೆ ಬೇರೆ ಕುರ್ಚಿ ತರಿಸಿದ.

ಏಳು ತಿಂಗಳಿಗೆ ಲಂಡನ್ನಿನ ಲಕೋಟೆ.
ವಿಳಾಸ ಇಲ್ಲಿಯದೇ; ಅವನು ಹೋದದ್ದು ಅವರಿಗೆ ಗೊತ್ತಿಲ್ಲ.
"ತಮ್ಮ ಪತ್ರ ತಲುಪಿದೆ. ವಿಷಯ ಗಮನಕ್ಕೆ ಬಂದಿದೆ."
ಜೊತೆಗೆ ಯಾರೋ ಮರೆತು ಮಡಚಿಟ್ಟ
ನಮ್ಮದೇ ಬಿನ್ನಹ. ಅಂಚಿನಲ್ಲಿ
ಸೀಸದಕಡ್ಡಿಯ ಸಣ್ಣ ಅಕ್ಷರ:
ಕೈಬರಹ ಬಹಳ ಅಂದವಾಗಿದೆ.

ಮೂರು ಸಲ ಓದಿದೆ.
ಬಾಗಿಲು ಮುಂದೆಮಾಡಿ ನಾಲ್ಕನೆಯ ಸಲ.
ಹಣೆಬರಹ ಅವನದು, ಕೈಬರಹ ನನ್ನದು,
ಎರಡನ್ನೂ ಒಂದೇ ಹಾಳೆಯಲ್ಲಿ ತೂಗಿದವರು ಯಾರೋ,
ಊಟ ಮುಗಿಸಿ ಕೈ ಒರೆಸಿಕೊಂಡ ಗುಮಾಸ್ತನಿರಬೇಕು,
ನನ್ನ ಜಾತಿಯವನೇ.

ಸೀಸದ ಗುರುತು. ರೊಟ್ಟಿಯ ತಿರುಳಿನಿಂದ ಉಜ್ಜಿದರೆ ಹೋಗುತ್ತದೆ.
ಕತ್ತರಿಸಿ ಅಂಚಷ್ಟನ್ನೇ ಇಟ್ಟುಕೊಳ್ಳಲೂಬಹುದು,
ಹೆಂಡತಿಗೆ ತೋರಿಸಬಹುದು.

ಇರಲಿ ಎಂದು ಬಿಟ್ಟೆ.
ಅವನು ಅದನ್ನು ತನ್ನದೆಂದೇ ಓದಿಕೊಳ್ಳಲಿ.
ಸ್ವಹಸ್ತದಿಂದ ಎಂದೇ ಬರೆದಿದೆಯಲ್ಲ.

ವರ್ದಿಂಗ್ ಪಟ್ಟಣದ ವಿಳಾಸ ಬರೆದು, ಅರಗು ಒತ್ತಿ,
ಅಂಚೆಚೀಟಿಯ ಎರಡೂವರೆ ಪೆನ್ನಿಯನ್ನು
ಯಾವ ಬಾಬ್ತಿಗೆ ಹಾಕಲೆಂದು ಲೆಕ್ಕದ ಪುಸ್ತಕ ತಿರುವಿ ತಿರುವಿ
ಕೊನೆಗೆ ನನ್ನ ಜೇಬಿಗೇ ಕೈಹಾಕಿದೆ.